‘ಅಪಾಯವಿಲ್ಲ’ ಎಂದರೇನು? ಪ್ರಕ್ರಿಯಾ ಸುರಕ್ಷತೆಯ ಕನ್ನಡ ಪರಿಭಾಷೆಯ ವಿಮರ್ಶೆ

ರಾಸಾಯನಿಕ ಕಾರ್ಖಾನೆ, ತೈಲ ಶುದ್ಧೀಕರಣಾಗಾರ ಮೊದಲಾದೆಡೆ ವಿಷಕಾರಿ ಅಥವಾ ಸ್ಫೋಟಕ ವಸ್ತುಗಳು ತಮ್ಮ ಪಾತ್ರೆ, ಕೊಳವೆಗಳಿಂದ ಹೊರಬೀಳದಂತೆ ಕಾಯುವ ಶಿಸ್ತಿಗೆ ಪ್ರಕ್ರಿಯಾ ಸುರಕ್ಷತೆ ಎಂದು ಹೆಸರು. ಅದರ ಇಂಗ್ಲಿಷ್ ಪರಿಭಾಷೆಯ ತಳಹದಿಯಲ್ಲಿ ಮೂರು ಪದಗಳಿವೆ. ಹಾನಿಯನ್ನು ಉಂಟುಮಾಡಬಲ್ಲ ಮೂಲ ಹ್ಯಾಜರ್ಡ್. ಆ ಹಾನಿಯ ಸಂಭವನೀಯತೆ ಮತ್ತು ತೀವ್ರತೆಗಳ ಸಂಯೋಗ ರಿಸ್ಕ್. ಹಾನಿ ಎದುರಿಗೇ ಬಂದು ನಿಂತ ಸ್ಥಿತಿ ಡೇಂಜರ್. ಕನ್ನಡದ ಸಾಮಾನ್ಯ ಬಳಕೆಯಲ್ಲಿ ಮೂರಕ್ಕೂ ‘ಅಪಾಯ’ ಎಂಬ ಒಂದೇ ಪದ ಸಲ್ಲುತ್ತದೆ. ಇದನ್ನು ಪದದಾರಿದ್ರ್ಯವೆಂದು ಬಗೆದು ಹೊಸ ನಾಮಪದಗಳನ್ನು ಟಂಕಿಸುವುದು ಪರಿಭಾಷಾಕಾರರ ರೂಢಿ. ಕನ್ನಡವು ಈ ಭೇದವನ್ನು ಬೇರೊಂದು ಸ್ಥಾನದಲ್ಲಿ ಇರಿಸಿಕೊಂಡಿದೆ, ಪದಕೋಶಗಳು ಅದನ್ನು ಹುಡುಕುತ್ತಿರುವ ಸ್ಥಾನವೇ ತಪ್ಪು ಎಂಬುದು ನಮ್ಮ ವಾದ.

ಭೇದದ ಮಹತ್ತ್ವವನ್ನು ಭೋಪಾಲದ ಉದಾಹರಣೆಯಿಂದ ತಿಳಿಯಬಹುದು. 1984ರ ಡಿಸೆಂಬರ್ 2-3ರ ರಾತ್ರಿ ಅಲ್ಲಿನ 610ನೆಯ ತೊಟ್ಟಿಯಿಂದ ಹೊರಬಿದ್ದದ್ದು ಮೀಥೈಲ್ ಐಸೊಸಯನೇಟ್. ಸುಮಾರು 40 ಟನ್ ಸಂಗ್ರಹವಿದ್ದಷ್ಟು ಕಾಲವೂ ಮೊದಲನೆಯ ಅರ್ಥದ ಅಪಾಯವಿತ್ತು. ತಂಪುಗೊಳಿಸುವ ಘಟಕವನ್ನು ನಿಲ್ಲಿಸಿದಾಗ, ಅನಿಲವನ್ನು ಉರಿಸುವ ಗೋಪುರದ ಕೊಳವೆಯನ್ನು ದುರಸ್ತಿಗೆಂದು ಕಳಚಿದಾಗ ಹೆಚ್ಚಿದ್ದು ಎರಡನೆಯದು. ತೊಟ್ಟಿಯೊಳಗೆ ನೀರು ಸೇರಿ ಒತ್ತಡ ಏರಿದಾಗ ಬಂದದ್ದು ಮೂರನೆಯದು. ಸಂಗ್ರಹದ ಪ್ರಮಾಣವನ್ನೇ ಇಳಿಸುವುದು ಮೂಲವನ್ನು ತಗ್ಗಿಸುವ ಕ್ರಮ. ಟ್ರೆವರ್ ಕ್ಲೆಟ್ಜ್ ಪ್ರತಿಪಾದಿಸಿದ ಅಂತರ್ಗತ ಸುರಕ್ಷತೆಯ ಸಾರ ಇದು. ತಡೆಗಳನ್ನು ಸುಸ್ಥಿತಿಯಲ್ಲಿಡುವುದು ಸಂಭವನೀಯತೆಯನ್ನು ತಗ್ಗಿಸುವ ಕ್ರಮ. ‘ಅಪಾಯವನ್ನು ತಗ್ಗಿಸಲಾಗಿದೆ’ ಎಂಬ ಕನ್ನಡ ವಾಕ್ಯವು ಇವೆರಡರಲ್ಲಿ ಯಾವುದು ನಡೆದಿದೆ ಎಂಬುದನ್ನು ಹೇಳದು.

ವಿಧಿರೂಪದಲ್ಲಿ ಈ ಅರ್ಥವ್ಯಾಪ್ತಿಯಿಂದ ಹೆಚ್ಚಿನ ಕೇಡಿಲ್ಲ. ವಿದ್ಯುತ್ ಕಂಬದ ಮೇಲೆ ತಲೆಬುರುಡೆಯ ಚಿತ್ರದೊಡನೆ ‘ಅಪಾಯ’ ಎಂದು ಬರೆದಿದ್ದರೆ ಓದುಗ ಯಾವ ಅರ್ಥವನ್ನು ಗ್ರಹಿಸಿದರೂ ದೂರ ಸರಿಯುತ್ತಾನೆ. ತೊಡಕು ಹುಟ್ಟುವುದು ನಿಷೇಧದಲ್ಲಿ. ‘ಅಪಾಯವಿಲ್ಲ’ ಎನ್ನುವ ಮೇಲ್ವಿಚಾರಕ ನಿರಾಕರಿಸುವುದು ಆ ಹೊತ್ತಿನ ಆಪತ್ತನ್ನು ಮಾತ್ರ ಇರಬಹುದು. ಕೇಳುವ ಕಾರ್ಮಿಕ ವಸ್ತುವೇ ನಿರಪಾಯಕಾರಿ ಎಂದು ಗ್ರಹಿಸಬಹುದು. ಮೂರು ಅರ್ಥಗಳಲ್ಲಿ ಒಂದನ್ನು ನಿರಾಕರಿಸಲು ಆಡಿದ ಮಾತು ಮೂರನ್ನೂ ನಿರಾಕರಿಸಿದಂತೆ ಕೇಳಿಸುತ್ತದೆ. ಸುರಕ್ಷತೆಯ ಭಾಷೆಯಲ್ಲಿ ಅತ್ಯಂತ ಎಚ್ಚರದಿಂದ ಆಡಬೇಕಾದದ್ದು ನಿಷೇಧ ವಾಕ್ಯವೇ ಆದರೂ, ಪದಕೋಶದ ನಮೂದುಗಳಲ್ಲಿ ಅದಕ್ಕೆ ಸ್ಥಳವಿಲ್ಲ.

ಇನ್ನು ಕನ್ನಡ ವಾಕ್ಯದ ರಚನೆಯನ್ನು ಗಮನಿಸೋಣ. ‘ತೊಟ್ಟಿಯಿಂದ ಅಪಾಯವಿದೆ’, ‘ತೊಟ್ಟಿಗೆ ಅಪಾಯವಿದೆ’ ಎಂಬ ವಾಕ್ಯಗಳಲ್ಲಿ ನಾಮಪದ ಒಂದೇ; ಮೊದಲನೆಯದರಲ್ಲಿ ತೊಟ್ಟಿ ಹಾನಿಯ ಮೂಲ, ಎರಡನೆಯದರಲ್ಲಿ ಹಾನಿಯ ಗುರಿ. ಕ್ರಿಯಾಪದವೂ ಹೀಗೆಯೇ ಭೇದವನ್ನು ಹೊರುತ್ತದೆ. ‘ಅಪಾಯವಿದೆ’ ಎಂಬುದು ಸ್ಥಾಯಿಯಾದ ಇರವನ್ನು, ‘ಅಪಾಯವಾಗಬಹುದು’ ಸಂಭವವನ್ನು, ‘ಅಪಾಯ ಒದಗಿದೆ’ ಎದುರಾದ ಸ್ಥಿತಿಯನ್ನು ಸೂಚಿಸುತ್ತದೆ. ನಿಷೇಧದಲ್ಲಿಯೂ ‘ಅಪಾಯವಾಗಲಿಕ್ಕಿಲ್ಲ’, ‘ಅಪಾಯ ಇನ್ನೂ ಒದಗಿಲ್ಲ’ ಎಂಬ ರೂಪಗಳು ಬೇರೆಬೇರೆಯಾಗಿಯೇ ಉಳಿಯುತ್ತವೆ. ಕ್ರಿಯೆ ಕೇವಲ ‘ಇಲ್ಲ’ಕ್ಕೆ ಇಳಿದಾಗ ಮಾತ್ರ ಭೇದ ಅಳಿಯುತ್ತದೆ. ‘-ಬಹುದು’ ಪ್ರತ್ಯಯಕ್ಕೂ ಮಿತಿಯುಂಟು: ಅದು ಸಂಭವವನ್ನು ಹೇಳುತ್ತದೆ, ಅದರ ಪ್ರಮಾಣವನ್ನಾಗಲಿ ಹಾನಿಯ ತೀವ್ರತೆಯನ್ನಾಗಲಿ ಹೇಳದು. ಅವೆರಡನ್ನೂ ವಾಕ್ಯ ಬಿಡಿಸಿಯೇ ಹೇಳಬೇಕಾಗುತ್ತದೆ.

ಎರವಲು ಪದವೇ ಸಾಕೆಂಬ ವಾದವೂ ಪೂರ್ಣವಾಗಿ ನಿಲ್ಲದು. ಕನ್ನಡದಲ್ಲಿ ರಿಸ್ಕ್ ‘ತೆಗೆದುಕೊಳ್ಳು’ ಎಂಬ ಕ್ರಿಯೆಯ ಜೊತೆಗೂಡಿ ನೆಲೆಸಿದೆ. ಅಲ್ಲಿ ಕರ್ತೃವಿನ ಆಯ್ಕೆಯೂ ತುಸು ಧೈರ್ಯದ ಮೆಚ್ಚುಗೆಯೂ ಸೇರಿವೆ. ಕಾರ್ಖಾನೆಯ ಬೇಲಿಯಾಚೆ ಮಲಗಿದ್ದವರು ಯಾವ ರಿಸ್ಕನ್ನೂ ತೆಗೆದುಕೊಂಡವರಲ್ಲ.

ನಿಯರ್ ಮಿಸ್ ಎಂಬುದರ ಕನ್ನಡ ರೂಪವೂ ಇಂಥದೇ ಪರೀಕ್ಷೆಗೆ ಅರ್ಹ. ‘ಭಾರೀ ಅನಾಹುತ ತಪ್ಪಿತು’ ಎಂಬ ಪತ್ರಿಕಾ ವಾಕ್ಯದಲ್ಲಿ ‘ತಪ್ಪು’ ಅಕರ್ಮಕ. ತಪ್ಪಿಸಿದವರು ಯಾರು, ತಪ್ಪಿದ್ದು ಹೇಗೆ ಎಂಬ ಪ್ರಶ್ನೆಗೆ ವ್ಯಾಕರಣ ಎಡೆಗೊಡದೆ ಪ್ರಸಂಗವನ್ನು ನಿಟ್ಟುಸಿರಿನೊಡನೆ ಮುಗಿಸುತ್ತದೆ. ಪ್ರಕ್ರಿಯಾ ಸುರಕ್ಷತೆಗಾದರೋ ವಿಚಾರಣೆ ಆರಂಭವಾಗಬೇಕಾದದ್ದೇ ಅಲ್ಲಿಂದ. ‘ತಪ್ಪಿದ ಅಪಘಾತ’ ಎಂಬ ಅನುವಾದ ಈ ಮುಕ್ತಾಯದ ಧ್ವನಿಯನ್ನೂ ಜೊತೆಗೆ ತರುತ್ತದೆ. ಸಕರ್ಮಕ ರೂಪವಾದ ‘ತಪ್ಪಿಸು’ ಕರ್ತೃವನ್ನು ಕೇಳುತ್ತದೆ. ವರದಿಯ ನಮೂನೆಗಳಿಗೆ ಅದೇ ತಕ್ಕದ್ದು.

ಇದು ಶೈಲಿಯ ಪ್ರಶ್ನೆ ಮಾತ್ರವಲ್ಲ. ಭೋಪಾಲದ ನಂತರ, 1987ರ ತಿದ್ದುಪಡಿಯು ಕಾರ್ಖಾನೆಗಳ ಅಧಿನಿಯಮಕ್ಕೆ ಹೊಸದೊಂದು ಅಧ್ಯಾಯವನ್ನು ಸೇರಿಸಿತು. ಅದರ 41-ಬಿ ಪ್ರಕರಣ ಮಾಹಿತಿಯ ಕಡ್ಡಾಯ ಪ್ರಕಟಣೆಯನ್ನು ವಿಧಿಸಿತು. 41-ಎಚ್ ಪ್ರಕರಣ ಸನ್ನಿಹಿತ ಆಪತ್ತಿನ ಬಗ್ಗೆ ಎಚ್ಚರಿಸುವ ಹಕ್ಕನ್ನು ಕಾರ್ಮಿಕರಿಗೆ ನೀಡಿತು. ಇಂಥ ಹಕ್ಕನ್ನು ಕನ್ನಡದಲ್ಲಿ ಚಲಾಯಿಸುವ ಕಾರ್ಮಿಕನು ‘ಇರುವ’ ಅಪಾಯವನ್ನೂ ‘ಒದಗಿದ’ ಅಪಾಯವನ್ನೂ ಬೇರ್ಪಡಿಸಿ ಹೇಳಲು ಶಕ್ತನಿರಬೇಕು. ಆ ಶಕ್ತಿಯನ್ನು ಅವನ ನುಡಿ ಈಗಾಗಲೇ ಕೊಟ್ಟಿದೆ. ಆತನ ಕೈಗೆ ಬರುವ ಕೈಪಿಡಿ ಅದನ್ನು ಕಸಿಯಬಾರದು.

ಆದುದರಿಂದ ‘ಅಪಾಯಮೂಲ’ದಂಥ ಹೊಸ ಪದಗಳನ್ನು ನಾವು ವಿರೋಧಿಸುವುದಿಲ್ಲ; ಅವು ಒಂಟಿಯಾಗಿ ಸಾಲವು ಎನ್ನುತ್ತೇವೆ. ಪ್ರತಿಯೊಂದು ನಮೂದಿನೊಡನೆ ಅದು ಬೇಡುವ ವಿಭಕ್ತಿ, ಕೂಡುವ ಕ್ರಿಯಾಪದ ಮತ್ತು ಅದರ ನಿಷೇಧ ರೂಪ ದಾಖಲಾಗಬೇಕು. ಪದವೊಂದರ ಯೋಗ್ಯತೆಯನ್ನು ಅಳೆಯಲು ಮೊದಲು ಅದನ್ನು ‘ಇಲ್ಲ’ದ ಮುಂದಿಟ್ಟು ನೋಡುವುದು ಒಳಿತು.