ಚಾರ್ಟಿಗೆ ಮೊದಲು ಪದ್ಯ

ಮಗುವಿಗೆ ಮೂರು ವರ್ಷ ತುಂಬುವುದೇ ತಡ, ಮನೆಯ ಗೋಡೆಗೆ ಅಕ್ಷರಮಾಲೆಯ ಚಾರ್ಟು ಬರುತ್ತದೆ. ಅದರ ಹಿಂದೆಯೇ ಅಕ್ಷರದ ಕಾರ್ಡು, ಸರಿಯಾಗಿ ಮುಟ್ಟಿದರೆ ಚಪ್ಪಾಳೆ ಹೊಡೆಯುವ ಮೊಬೈಲ್ ಆಟ. ಇವೆಲ್ಲ ಮೋಜಿನ ವೇಷ ತೊಟ್ಟ ಬಾಯಿಪಾಠ ಎಂಬುದು ನನ್ನ ತಕರಾರು. ಇಂಗ್ಲಿಷಿನ 26 ಅಕ್ಷರಗಳಿಗೆ ಹೇಗೋ ಒಗ್ಗುವ ಈ ಕಾರ್ಡಿನಾಟ ಕನ್ನಡದಲ್ಲಿ ಬೇಗ ಸುಸ್ತಾಗುತ್ತದೆ. 34 ವ್ಯಂಜನಗಳಿಗೆ ಕಾಗುಣಿತ ಸೇರಿದರೆ ಗುರುತಿಸಬೇಕಾದ ರೂಪಗಳು ನಾನೂರು ದಾಟುತ್ತವೆ. ಒತ್ತಕ್ಷರಗಳ ಲೆಕ್ಕ ಬೇರೆ. ಕನ್ನಡ ಮಕ್ಕಳ ಓದನ್ನು ಅಧ್ಯಯನ ಮಾಡಿ 2007ರಲ್ಲಿ ಪ್ರಬಂಧ ಪ್ರಕಟಿಸಿದ ಸೊನಾಲಿ ನಾಗ್, ಈ ಅಕ್ಷರಜ್ಞಾನ ಒಂದೆರಡು ತರಗತಿಗಳಿಗೆ ಮುಗಿಯುವಂಥದ್ದಲ್ಲ ಎಂದು ತೋರಿಸಿದ್ದಾರೆ. ಹಾಗಿರುವಾಗ ಅಕ್ಷರವೆಲ್ಲ ಬರಲಿ, ಕತೆ ಆಮೇಲೆ ಎಂದು ಕಾದು ಕೂತರೆ ಕತೆಯ ಸರದಿ ಬರುವಷ್ಟರಲ್ಲಿ ಮಗುವಿಗೆ ಪುಸ್ತಕವೇ ಬೇಡವಾಗಿರುತ್ತದೆ. ನಮ್ಮ ಸರ್ಕಾರಿ ಶಾಲೆಗಳ ನಲಿ-ಕಲಿ ಪದ್ಧತಿ ಕೂಡ ಅ ಆ ಇ ಈ ಕ್ರಮವನ್ನು ಬಿಟ್ಟು ರ ಗ ಸ ದ ಅ ಎಂದು ಶುರುಮಾಡುತ್ತದೆ. ಐದೇ ಅಕ್ಷರಕ್ಕೆ ಸರ, ಅರಸ, ಗರಗಸ ಓದಲು ಸಿಗುತ್ತವೆ. ಹಳೆಯ ಕ್ರಮಕ್ಕೆ ಜೋತುಬಿದ್ದಿರುವುದು ಮನೆಯೇ.

ಮನೆಯಲ್ಲಿ ಇದಕ್ಕಿಂತ ಒಳ್ಳೆಯ ದಾರಿಯಿದೆ: ಮಗುವಿಗೆ ಆಗಲೇ ಬಾಯಿಗೆ ಬಂದಿರುವ ಪದ್ಯವನ್ನು ಅಚ್ಚಿನಲ್ಲಿ ತೋರಿಸಿ, ಹಾಡುತ್ತಾ ಸಾಲಿನ ಕೆಳಗೆ ಬೆರಳಾಡಿಸುವುದು. ಜಿ.ಪಿ. ರಾಜರತ್ನಂ ಅವರ ‘ತುತ್ತೂರಿ’ಯನ್ನೇ ತೆಗೆದುಕೊಳ್ಳಿ. ಚಾರ್ಟಿನ ಕ್ರಮ ಹಿಡಿದರೆ ‘ತ್ತೂ’ ತಲುಪಲು ತಿಂಗಳುಗಟ್ಟಲೆ ಬೇಕು. ಪದ್ಯದಲ್ಲಾದರೆ ಮಗು ಮೊದಲ ದಿನವೇ ಅದನ್ನು ಎದುರುಗೊಳ್ಳುತ್ತದೆ. ಪ್ರಾಸಕ್ಕೆ ಬರುವ ‘ಕಸ್ತೂರಿ’ಯನ್ನು ಪಕ್ಕದಲ್ಲಿಟ್ಟರೆ ಎರಡರಲ್ಲೂ ಕೆಳಗೆ ಅದೇ ತಕಾರದ ಒತ್ತು, ಕೊನೆಗೆ ಅದೇ ‘ರಿ’. ಕಿವಿ ಮೊದಲೇ ಹಿಡಿದ ಸಾಮ್ಯವನ್ನು ಕಣ್ಣು ಈಗ ಹುಡುಕುತ್ತದೆ. ಇದೂ ಬಾಯಿಪಾಠವೇ ಅಲ್ಲವೇ ಎಂದು ಕೇಳಬಹುದು. ಹೌದು, ಆದರೆ ಇಲ್ಲಿ ಬಾಯಿಪಾಠ ಆರಂಭ ಮಾತ್ರ. ಒಂದು ಪದವನ್ನು ಬೆರಳಿನಿಂದ ಮುಚ್ಚಿ ಏನಿತ್ತು ಎಂದು ಕೇಳಿ, ಅದೇ ‘ರಿ’ಯನ್ನು ಬಿಸ್ಕತ್ತಿನ ಪೊಟ್ಟಣದ ಮೇಲೋ ಬಸ್ಸಿನ ಬೋರ್ಡಿನಲ್ಲೋ ಹುಡುಕಲು ಹೇಳಿ, ಮಗು ಓದುತ್ತಿದೆಯೋ ಒಪ್ಪಿಸುತ್ತಿದೆಯೋ ಆಗಲೇ ತಿಳಿಯುತ್ತದೆ.

ಗಟ್ಟಿಯಾಗಿ ಓದಿ ಹೇಳುವುದರಿಂದ ಇನ್ನೊಂದು ಲಾಭವಿದೆ. ‘ಹೋಗ್ತಾನೆ’ ಎಂದಷ್ಟೇ ಕೇಳಿದ ಮಗು ಪುಟದಲ್ಲಿ ‘ಹೋಗುತ್ತಾನೆ’ ಕಂಡು ಎಡವುವುದು ಅಕ್ಷರ ಬಾರದೆ ಅಲ್ಲ, ಪುಸ್ತಕದ ಕನ್ನಡ ಕಿವಿಗೆ ಬಿದ್ದಿಲ್ಲದೆ. ಮನೆಮಾತು ತುಳುವೋ ಉರ್ದುವೋ ಆಗಿದ್ದರೆ ಈ ಅಂತರ ಇನ್ನೂ ಹೆಚ್ಚು. ಯಾವ ಕಾರ್ಡೂ ಇದನ್ನು ತುಂಬಿಕೊಡಲಾರದು. ಪುಸ್ತಕ ಕೊಳ್ಳಲು ದುಡ್ಡೆಲ್ಲಿ ಎನ್ನುವುದು ನ್ಯಾಯವಾದ ಆಕ್ಷೇಪ. ಪ್ರಥಮ್ ಬುಕ್ಸ್ ಪ್ರಕಾಶನ 2015ರಲ್ಲಿ ತೆರೆದ ಜಾಲತಾಣವಾದ ಸ್ಟೋರಿವೀವರ್‌ನಲ್ಲಿ ಕನ್ನಡ ಕತೆಗಳು ಉಚಿತವಾಗಿ ಸಿಗುತ್ತವೆ, ಮುದ್ರಿಸಿಕೊಳ್ಳಲೂ ಅಡ್ಡಿಯಿಲ್ಲ. ಚಿತ್ರಗಳು ಸೊಗಸಾಗಿವೆ, ಆದರೆ ಅಲ್ಲಿ ಅನುವಾದಗಳೇ ಬಹಳ, ಅನುವಾದದಲ್ಲಿ ಪ್ರಾಸ ಉಳಿಯುವುದು ಕಷ್ಟ. ಕತೆಗೆ ಅದನ್ನು ನೆಚ್ಚಬಹುದು, ಲಯಕ್ಕೆ ಪಂಜೆ ಮಂಗೇಶರಾಯ, ರಾಜರತ್ನಂ ಅವರ ಬಳಿಗೇ ಹೋಗಬೇಕು. ಓದು ಬಾರದ ಅಪ್ಪ ಅಮ್ಮಂದಿರ ಪಾಡೇನು? ಪದ್ಯ ಅವರ ಬಾಯಲ್ಲಿದ್ದರೆ ಸಾಕು: ಹಾಡುವುದು ಅವರ ಪಾಲು, ಶಾಲೆಯಿಂದ ಬಂದ ಪುಸ್ತಕದಲ್ಲಿ ಬೆರಳಾಡಿಸುವುದು ಮಗುವಿನ ಪಾಲು.