'ಎನ್ನಲಾಗಿದೆ': ಅಂದವರು ಯಾರು?

ಕನ್ನಡದ ಅಪರಾಧ ಸುದ್ದಿಗಳಲ್ಲಿ 'ಎನ್ನಲಾಗಿದೆ' ಎಂಬ ಪದ ದುಡಿಯುವಷ್ಟು ಬೇರೆ ಯಾವ ಪದವೂ ದುಡಿಯುವುದಿಲ್ಲ. ಆರೋಪಿ ವಿದೇಶಕ್ಕೆ ಪರಾರಿಯಾಗಲು ಯತ್ನಿಸಿದ್ದ ಎನ್ನಲಾಗಿದೆ. ಈತನಿಗೆ ನಿಷೇಧಿತ ಸಂಘಟನೆಯ ನಂಟಿತ್ತು ಎನ್ನಲಾಗಿದೆ. ಅಂದವರು ಯಾರು? ಠಾಣೆಯ ಇನ್‌ಸ್ಪೆಕ್ಟರೇ, ಪಕ್ಕದ ಮನೆಯವರೇ, ವರದಿಗಾರನೇ? ವಾಕ್ಯದಲ್ಲಿ ಕರ್ತೃವೇ ಇಲ್ಲ. ಶಾಲೆಯಲ್ಲಿ ಮೇಷ್ಟ್ರು ಇದನ್ನು ಕರ್ಮಣಿ ಪ್ರಯೋಗ ಎಂದು ಹೇಳಿಕೊಟ್ಟು ಮುಂದಿನ ಪಾಠಕ್ಕೆ ಹೋಗುತ್ತಾರೆ. ಪತ್ರಿಕೆ ಓದುವವನು ಮಾತ್ರ ಅಲ್ಲೇ ಸ್ವಲ್ಪ ಹೊತ್ತು ನಿಲ್ಲಬೇಕು. ಅಂದವರಿಗೆ ಹೆಸರಿಲ್ಲದಿದ್ದರೆ, ನಾಳೆ ಆ ಮಾತು ಸುಳ್ಳಾದಾಗ ಹೊಣೆ ಹೊರುವವರೂ ಇರುವುದಿಲ್ಲ.

ಹೆಸರಿದ್ದ ಮಾತ್ರಕ್ಕೆ ಮಾತು ನಿಜವಾಗುತ್ತದೆಯೇ? ಅದೂ ಇಲ್ಲ. ಡಾ. ಮುಹಮ್ಮದ್ ಹನೀಫ್ ಪ್ರಕರಣವನ್ನು ಇಂದು ಮತ್ತೊಮ್ಮೆ ತೆರೆದು ಓದಬೇಕಾದದ್ದು ಇದಕ್ಕಾಗಿ.

2007ರ ಜೂನ್ 30ರಂದು ಬೆಂಗಳೂರಿನ ಎಂಜಿನಿಯರ್ ಕಫೀಲ್ ಅಹ್ಮದ್ ಸ್ಕಾಟ್ಲೆಂಡಿನ ಗ್ಲಾಸ್ಗೋ ವಿಮಾನ ನಿಲ್ದಾಣಕ್ಕೆ ಗ್ಯಾಸ್ ಸಿಲಿಂಡರ್ ತುಂಬಿದ ಜೀಪನ್ನು ನುಗ್ಗಿಸಿದ. ಸುಟ್ಟ ಗಾಯಗಳಿಂದ ಆಗಸ್ಟ್ 2ರಂದು ಸತ್ತ. ಈ ದಾಳಿಯ ಎರಡು ದಿನಗಳ ನಂತರ, ಆಸ್ಟ್ರೇಲಿಯದ ಗೋಲ್ಡ್ ಕೋಸ್ಟ್ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಿದ್ದ ಅವನ ಸಂಬಂಧಿ ಹನೀಫ್ ಅವರನ್ನು ಪೊಲೀಸರು ಬ್ರಿಸ್ಬೇನ್ ವಿಮಾನ ನಿಲ್ದಾಣದಲ್ಲಿ ಬಂಧಿಸಿದರು. ಮೂಡಿಗೆರೆಯಲ್ಲಿ ಹುಟ್ಟಿ, ಬೆಂಗಳೂರಿನಲ್ಲಿ ವೈದ್ಯಕೀಯ ಓದಿದ ಯುವಕ. ಆರೋಪವನ್ನೇ ಹೊರಿಸದೆ ಹನ್ನೆರಡು ದಿನ ವಶದಲ್ಲಿಟ್ಟುಕೊಂಡರು. ಜುಲೈ 14ರಂದು ಆರೋಪ ಹೊರಿಸಿದಾಗ ಅದರ ತಿರುಳು ಒಂದು ಸಿಮ್ ಕಾರ್ಡು. 2006ರಲ್ಲಿ ಇಂಗ್ಲೆಂಡ್ ಬಿಡುವಾಗ ಹನೀಫ್ ತಮ್ಮ ಸಿಮ್ಮನ್ನು ಕಫೀಲನ ತಮ್ಮ ಸಬೀಲ್‌ಗೆ ಕೊಟ್ಟಿದ್ದರು. ಉಳಿದ ನಿಮಿಷಗಳು ಯಾಕೆ ವ್ಯರ್ಥವಾಗಬೇಕು ಎಂಬ ಲೆಕ್ಕ. (ಕರೆನ್ಸಿ ಉಳಿದಿರುವ ಸಿಮ್ಮನ್ನು ಊರು ಬಿಡುವಾಗ ತಮ್ಮನಿಗೋ ಭಾವನಿಗೋ ಕೊಡದವರು ನಮ್ಮಲ್ಲಿ ಎಷ್ಟು ಮಂದಿ?)

ಆ ಸಿಮ್ ಉರಿಯುತ್ತಿದ್ದ ಜೀಪಿನಲ್ಲಿ ಸಿಕ್ಕಿತು ಎಂದು ಸರಕಾರಿ ವಕೀಲರು ನ್ಯಾಯಾಲಯದಲ್ಲೇ ಹೇಳಿದರು. ಗಮನಿಸಿ, ಇದು 'ಬಲ್ಲ ಮೂಲಗಳು' ಪಿಸುಗುಟ್ಟಿದ ಮಾತಲ್ಲ. ಹೆಸರು, ಹುದ್ದೆ, ಕರಿ ಕೋಟು ಎಲ್ಲವೂ ಇದ್ದವರು ನ್ಯಾಯಾಧೀಶರ ಮುಂದೆ ಆಡಿದ ಮಾತು. ಅದನ್ನು ಪ್ರಕಟಿಸಿದ ಪತ್ರಿಕೆಯನ್ನು ಯಾರು ದೂರಲು ಸಾಧ್ಯ? ಆದರೆ ಮಾತು ಸುಳ್ಳಾಗಿತ್ತು. ಸಿಮ್ ಇದ್ದದ್ದು ಗ್ಲಾಸ್ಗೋದಲ್ಲಲ್ಲ, ನೂರಾರು ಕಿಲೋಮೀಟರ್ ದೂರದ ಲಿವರ್‌ಪೂಲ್‌ನಲ್ಲಿ, ಸಬೀಲ್ ಬಳಿ. ಜುಲೈ 20ರಂದು ಇದನ್ನು ಹೊರಗೆಡಹಿದ್ದು ಪೊಲೀಸರಲ್ಲ, ಮಂತ್ರಿಗಳಲ್ಲ. ಆಸ್ಟ್ರೇಲಿಯದ ಎಬಿಸಿ ಸುದ್ದಿಸಂಸ್ಥೆ.

ಅದಕ್ಕೂ ಎರಡು ದಿನ ಮೊದಲು 'ದಿ ಆಸ್ಟ್ರೇಲಿಯನ್' ಪತ್ರಿಕೆಯ ಹೆಡ್ಲಿ ಥಾಮಸ್ ಇನ್ನೊಂದು ಕೆಲಸ ಮಾಡಿದ್ದರು. ಹನೀಫ್ ಪರ ವಕೀಲ ಸ್ಟೀಫನ್ ಕೈಮ್ ಅವರು ಪೊಲೀಸ್ ವಿಚಾರಣೆಯ ಲಿಖಿತ ಪ್ರತಿಯನ್ನು ಅವರ ಕೈಗಿತ್ತಿದ್ದರು. 142 ಪುಟಗಳು. ಒಂದೇ ಕಡೆಯ ಟಿಕೆಟ್ಟಿಗೆ ಹನೀಫ್ ಯಾವ ವಿವರಣೆಯನ್ನೂ ಕೊಡಲಿಲ್ಲ ಎಂದು ಪೊಲೀಸರು ನ್ಯಾಯಾಲಯಕ್ಕೆ ಅಫಿಡವಿಟ್ ಸಲ್ಲಿಸಿದ್ದರು. ಆ ಪುಟಗಳಲ್ಲಿ ವಿವರಣೆ ಧಾರಾಳವಾಗಿತ್ತು: ಹೆರಿಗೆಯಾಗಿ ಇನ್ನೂ ವಾರ ಕಳೆದಿರದ ಹೆಂಡತಿ, ಹಸುಗೂಸು ಮಗಳು, ಟಿಕೆಟ್ಟಿನ ವ್ಯವಸ್ಥೆ ಮಾಡಿದ ಮಾವ. ಹೊರಡುವ ಮುನ್ನ ಬ್ರಿಟನ್ನಿನ ಪೊಲೀಸ್ ಅಧಿಕಾರಿಯೊಬ್ಬರಿಗೆ ತಾನಾಗಿಯೇ ಫೋನ್ ಮಾಡಲು ಯತ್ನಿಸಿದ್ದೂ ಅಲ್ಲಿತ್ತು. ಓಡಿಹೋಗುವವನು ಪೊಲೀಸರ ನಂಬರ್ ಒತ್ತುತ್ತಾನೆಯೇ? ಹೆಡ್ಲಿ ಥಾಮಸ್‌ಗೆ ಆ ವರ್ಷ ಅಲ್ಲಿನ ಪತ್ರಿಕೋದ್ಯಮದ ಅತ್ಯುನ್ನತ ಪುರಸ್ಕಾರವಾದ ಗೋಲ್ಡ್ ವಾಕ್ಲಿ ದೊರಕಿತು.

ಅದೇ ದಿನಗಳಲ್ಲಿ ಅದೇ ದೇಶದ ಪತ್ರಿಕೆಗಳಲ್ಲಿ, ಗೋಲ್ಡ್ ಕೋಸ್ಟಿನ ಕಟ್ಟಡವೊಂದನ್ನು ಸ್ಫೋಟಿಸುವ ಸಂಚಿನಲ್ಲಿ ಹನೀಫ್ ಪಾತ್ರವಿತ್ತೇ ಎಂಬ ತನಿಖೆ ನಡೆದಿದೆ ಎಂಬ ಸುದ್ದಿಯೂ ಬಂತು. ಫೆಡರಲ್ ಪೊಲೀಸ್ ಮುಖ್ಯಸ್ಥ ಮಿಕ್ ಕೀಲ್ಟಿ ಅವರೇ ಅದನ್ನು ಅಲ್ಲಗಳೆಯಬೇಕಾಯಿತು. ಹಾಗಾದರೆ 'ಮಾಧ್ಯಮ' ಯಾವ ಪಕ್ಷದಲ್ಲಿತ್ತು? ನಮ್ಮ ಮಸೀದಿ ಅಂಗಳದಲ್ಲಿ, ಚಹಾದಂಗಡಿಯಲ್ಲಿ, ಸಭೆಗಳ ವೇದಿಕೆಯಲ್ಲಿ 'ಮಾಧ್ಯಮದವರೆಲ್ಲ ಹೀಗೆಯೇ' ಎಂಬ ಮಾತು ಸಲೀಸಾಗಿ ಹೊರಡುತ್ತದೆ. ಹಾಗೆ ಹೇಳಲು ಕಾರಣಗಳಿಲ್ಲ ಎಂದಲ್ಲ, ಬೇಕಾದಷ್ಟಿವೆ. ಆದರೆ ಆ ಮಾತನ್ನು ನಂಬಿ ಪತ್ರಿಕೆಯನ್ನೇ ಮಡಚಿಟ್ಟವನಿಗೆ ಆ 142 ಪುಟಗಳ ಸುದ್ದಿಯೂ ತಲುಪುವುದಿಲ್ಲ.

ಜುಲೈ 27ರಂದು ಆರೋಪ ಬಿದ್ದುಹೋಯಿತು, ಹನೀಫ್ ಬೆಂಗಳೂರಿಗೆ ಮರಳಿದರು. ನಿವೃತ್ತ ನ್ಯಾಯಾಧೀಶ ಜಾನ್ ಕ್ಲಾರ್ಕ್ ತನಿಖೆ ನಡೆಸಿ, ಹನೀಫ್ ನಿರಪರಾಧಿ ಎಂದರು. ವರದಿ ಹೊರಬಂದದ್ದು 2008ರ ಡಿಸೆಂಬರಿನಲ್ಲಿ. ಪರಿಹಾರದ ಒಪ್ಪಂದ 2010ರ ಡಿಸೆಂಬರಿನಲ್ಲಿ. ಬಂಧನದ ಸುದ್ದಿಯನ್ನು ಉಸಿರು ಬಿಗಿಹಿಡಿದು ನೋಡಿದವರಲ್ಲಿ ಈ ಎರಡು ಡಿಸೆಂಬರುಗಳನ್ನು ನೆನಪಿಟ್ಟುಕೊಂಡವರು ಎಷ್ಟು ಮಂದಿ? ಸುದ್ದಿಯ ಗ್ರಾಹಕನ ದೋಷ ಇಲ್ಲಿಯೇ ಇದೆ. ಟಿವಿಯವನು ಮೊದಲ ದಿನ ಕೂಗುತ್ತಾನೆ, ಅದು ಅವನ ಕಸುಬು. ನಾವು ಮೊದಲ ದಿನ ಕೇಳಿ ಮೂರನೆಯ ವರ್ಷ ಕೇಳದಿರುವುದಕ್ಕೆ ಅವನೊಬ್ಬನನ್ನೇ ಹೊಣೆ ಮಾಡಲಾಗದು.

ಇನ್ನೊಂದು ಮಾತು, ನಮ್ಮವರಿಗೆ ಅಷ್ಟಾಗಿ ಹಿಡಿಸದ ಮಾತು. ಹನೀಫ್ ನಿರಪರಾಧಿ ಎಂದು ಹೇಳುವ ಅದೇ ಉಸಿರಿನಲ್ಲಿ ಕಫೀಲ್ ಅಪರಾಧಿ ಎಂದೂ ಹೇಳಬೇಕು. ಸಬೀಲ್ ಮಾಹಿತಿ ಮುಚ್ಚಿಟ್ಟದ್ದನ್ನು ಲಂಡನ್ ನ್ಯಾಯಾಲಯದಲ್ಲಿ ಒಪ್ಪಿಕೊಂಡು 2008ರಲ್ಲಿ ಶಿಕ್ಷೆಗೊಳಗಾದ. ಒಂದೇ ಬಳಗದ ಮೂವರು, ಮೂರು ಬೇರೆ ಬೇರೆ ಸತ್ಯಗಳು. 2012ರ ಆಗಸ್ಟಿನಲ್ಲಿ ಬೆಂಗಳೂರು, ಹುಬ್ಬಳ್ಳಿಗಳಲ್ಲಿ ಪೊಲೀಸರು ಹಲವು ಯುವಕರನ್ನು ಹಿಡಿದಾಗಲೂ ಹೀಗೆಯೇ ಆಯಿತು. ಅವರಲ್ಲಿ ಇಂಗ್ಲಿಷ್ ದಿನಪತ್ರಿಕೆಯೊಂದರ ವರದಿಗಾರನೂ ಇದ್ದ. ಆರು ತಿಂಗಳ ನಂತರ ರಾಷ್ಟ್ರೀಯ ತನಿಖಾ ದಳ ಅವನ ಮೇಲೆ ಆರೋಪಪಟ್ಟಿ ಸಲ್ಲಿಸಲಿಲ್ಲ, ಅವನು ಹೊರಬಂದ. ಅದೇ ಪ್ರಕರಣದ ಇತರ ಹಲವರು 2016ರಲ್ಲಿ ತಪ್ಪೊಪ್ಪಿಕೊಂಡು ಶಿಕ್ಷೆ ಪಡೆದರು. ಮೊದಲನೆಯದನ್ನು ಮಾತ್ರ ನೆನಪಿಟ್ಟುಕೊಳ್ಳುವವನೂ ಎರಡನೆಯದನ್ನು ಮಾತ್ರ ನೆನಪಿಟ್ಟುಕೊಳ್ಳುವವನೂ ಸುದ್ದಿ ಓದುತ್ತಿಲ್ಲ, ತನ್ನ ಮನಸ್ಸನ್ನು ಓದುತ್ತಿದ್ದಾನೆ.

ಓದುಗ ಮಾಡಬಹುದಾದ ಕೆಲಸ ದೊಡ್ಡದೇನಲ್ಲ. ತಲೆಬರಹದ ಕೊನೆಯಲ್ಲಿ ಪ್ರಶ್ನಾರ್ಥಕ ಚಿಹ್ನೆ ಇದ್ದರೆ, ಉತ್ತರ ಪತ್ರಿಕೆಯ ಬಳಿ ಇಲ್ಲ ಎಂದು ತಿಳಿಯುವುದು. 'ಶಂಕಿತ' ಎಂಬ ಪದ ಎಷ್ಟನೆಯ ಸಾಲಿಗೆ ಉದುರಿಹೋಯಿತು ಎಂದು ನೋಡುವುದು. ಆರೋಪಿಯ ಮನೆಯವರನ್ನೋ ವಕೀಲರನ್ನೋ ವರದಿಗಾರ ಕೇಳಿದ್ದಾನೆಯೇ ಎಂದು ಹುಡುಕುವುದು. ಆಮೇಲೆ ಕಾಯುವುದು. ಇದೇ ಎಲ್ಲಕ್ಕಿಂತ ಕಷ್ಟ, ಏಕೆಂದರೆ ಅಭಿಪ್ರಾಯವಿಲ್ಲದೆ ಒಂದು ವಾರ ಇರುವುದು ಈಗ ಅವಮಾನವೆನಿಸಿದೆ.

ಮೊಬೈಲಿಗೆ ಬರುವ ಫಾರ್ವರ್ಡುಗಳ ಮುಂದೆ ಹಳೆಯ ಅಪರಾಧ ವರದಿಗಾರ ಎಷ್ಟೋ ಸಭ್ಯನಾಗಿ ಕಾಣುತ್ತಾನೆ. ಅವನು ಭಯಕ್ಕೋ ಅಭ್ಯಾಸಕ್ಕೋ ಕೊನೆಯಲ್ಲಿ 'ಎನ್ನಲಾಗಿದೆ' ಎಂದು ಸೇರಿಸುತ್ತಿದ್ದ. ವಾಟ್ಸ್‌ಆ್ಯಪ್‌ನಲ್ಲಿ ಬರುವ ಸಂದೇಶಕ್ಕೆ ಅಷ್ಟು ಅಳುಕೂ ಇಲ್ಲ. ಅದರಲ್ಲಿ ಎಲ್ಲವೂ ನಡೆದೇ ಹೋಗಿರುತ್ತದೆ, ತಾರೀಕೊಂದನ್ನು ಬಿಟ್ಟು.