ವ್ಯಾಟ್ಸ್ ಎಷ್ಟು ದೊಡ್ಡದಾಗಿ ಕಾಣಬೇಕು?

ಮಳೆ ಹಿಡಿದುಕೊಂಡರೆ ಬೆಂಗಳೂರಿನ ಸೈಕಲ್ ಮಂದಿ ಟ್ರೈನರ್ ಮೇಲಿನ ಧೂಳು ಒರೆಸುತ್ತಾರೆ. ಹಿಂದೆಯೇ, ಮನೆಯೊಳಗೆ ಸೈಕಲ್ ತುಳಿಯುವ ಆಟ ಝ್ವಿಫ್ಟ್ ಬಗ್ಗೆ ಮಾಮೂಲಿ ದೂರೂ ಬರುತ್ತದೆ: 'ಝ್ವಿಫ್ಟ್‌ನಲ್ಲಿ ಅಂಕಿ ಕಾಣೋದೇ ಇಲ್ಲ, ರೆಸೊಲ್ಯೂಷನ್ ಏರಿಸಿದರೂ ಅಷ್ಟೇ.'

ಅಷ್ಟೇ ಇರುತ್ತದೆ. 720ರಿಂದ 1080ಕ್ಕೆ, ಅಲ್ಲಿಂದ 4ಕೆಗೆ ಹೋದರೆ ಆಟದೊಳಗಿನ ವಟೋಪಿಯಾ ದ್ವೀಪದ ಮರಗಿಡಗಳ ಅಂಚು ಚೂಪಾಗುತ್ತದೆ. ಎಡಮೂಲೆಯ ವ್ಯಾಟ್ಸ್ ಕೂದಲೆಳೆಯಷ್ಟೂ ಬೆಳೆಯುವುದಿಲ್ಲ. ಅಂಕಿಯ ಗಾತ್ರ ಕಿಟಕಿಯ ಗಾತ್ರಕ್ಕೆ ಕಟ್ಟುಬಿದ್ದಿದೆ. ವಿಂಡೋಸ್‌ನ ಸ್ಕೇಲಿಂಗನ್ನು ಶೇಕಡಾ 125ರಿಂದ 150ಕ್ಕೆ ಒಯ್ದರೂ ಡೆಸ್ಕ್‌ಟಾಪ್‌ನ ಐಕಾನ್‌ಗಳು ಉಬ್ಬುತ್ತವೆಯೇ ಹೊರತು ಪೂರ್ತಿ ಪರದೆಯಲ್ಲಿ ಓಡುವ ಆಟ ಸಾಮಾನ್ಯವಾಗಿ ಅದಕ್ಕೆ ಸೊಪ್ಪು ಹಾಕುವುದಿಲ್ಲ. ಹಾಗಾಗಿ ಮೊದಲು ಕಿಟಕಿಯನ್ನು ಪರದೆ ತುಂಬ ಹರಡಿ. ಆಮೇಲೆ ಸೆಟ್ಟಿಂಗ್ಸ್ ಬಿಟ್ಟು ಟೇಪು ಹಿಡಿಯಿರಿ.

ಟೇಪು ಏಕೆಂದರೆ, ಕಣ್ಣಿಗೆ ಲೆಕ್ಕವಿರುವುದು ಗಾತ್ರ ಮತ್ತು ದೂರದ ಅನುಪಾತ ಮಾತ್ರ. 14 ಇಂಚಿನ ಲ್ಯಾಪ್‌ಟಾಪ್ ಪರದೆ ಸುಮಾರು 31 ಸೆಂ.ಮೀ. ಅಗಲ, 55 ಇಂಚಿನ ಟಿವಿ ಸುಮಾರು 122. ಅಂದರೆ ಹ್ಯಾಂಡಲ್ ಮುಂದೆ, ಕಣ್ಣಿನಿಂದ 80 ಸೆಂ.ಮೀ. ದೂರದಲ್ಲಿರುವ ಲ್ಯಾಪ್‌ಟಾಪ್ ಮತ್ತು ಮೂರು ಮೀಟರ್ ಆಚೆಯ ಗೋಡೆಯ ಟಿವಿ ಎರಡೂ ಕಣ್ಣಿಗೆ ಹೆಚ್ಚುಕಡಿಮೆ ಒಂದೇ. ಟಿವಿ ಕೊಂಡ ದುಡ್ಡು ಅಂಕಿಯ ಗಾತ್ರಕ್ಕಂತೂ ಸಂದಿಲ್ಲ!

ಆದರೂ ನಲವತ್ತು ದಾಟಿದವರಿಗೆ ನಾನು ಟಿವಿಯನ್ನೇ ಹೇಳುತ್ತೇನೆ. ಪ್ರೋಗ್ರೆಸಿವ್ ಕನ್ನಡಕದಲ್ಲಿ ಓದುವ ಭಾಗ ಕೆಳಗೆ, ದೂರದ ಭಾಗ ಮೇಲೆ. ಸೈಕಲ್ ಮೇಲೆ ಬಾಗಿದಾಗ ತಲೆ ತಗ್ಗಿ, ನೋಟ ಗಾಜಿನ ಮೇಲಂಚಿನಿಂದ ಹೊರಡುತ್ತದೆ. ಆ ಭಾಗದಲ್ಲಿ ಹತ್ತಿರದ ಲ್ಯಾಪ್‌ಟಾಪ್ ಮಸುಕು, ಗೋಡೆಯ ಟಿವಿ ನಿಚ್ಚಳ. ಫಾಂಟ್ ಹಿಗ್ಗಿಸಿ ಬಗೆಹರಿಸಹೊರಡುವ ಎಷ್ಟೋ ತಕರಾರುಗಳು ನಿಜವಾಗಿ ಕನ್ನಡಕದವು.

ಕನಿಷ್ಠ ಅಳತೆ ಬೇಕೆಂದರೆ ಕಣ್ಣಿನ ಡಾಕ್ಟರ ಫಲಕವಿದೆ. 6/6 ದೃಷ್ಟಿಯ ಸಾಲಿನ ಅಕ್ಷರ ಆರು ಮೀಟರಿನಿಂದ ನೋಡಲು ಸುಮಾರು 9 ಮಿ.ಮೀ. ಎತ್ತರ, ಮೂರು ಮೀಟರಿಗೆ ಅದರ ಅರ್ಧ. ಅದು ಸುಮ್ಮನೆ ಕುಳಿತ ಕಣ್ಣಿನ ಮಾತು. ಬೆವರು ರೆಪ್ಪೆಗಿಳಿದು, ಭುಜ ಕುಲುಕುತ್ತಿರುವಾಗ ನನಗೆ ಅದರ ಮೂರು ಪಟ್ಟು ಬೇಕು. ಆದ್ದರಿಂದ ಪರೀಕ್ಷೆಯನ್ನು ನಿಂತು ಮಾಡಬೇಡಿ. ಏದುಸಿರು ಬರುವಷ್ಟು ತುಳಿಯುತ್ತಾ ಮಾಡಿ.

ಇನ್ನು ಆಪ್‌ನಲ್ಲೇ ಗಾತ್ರದ ಆಯ್ಕೆಯಿದ್ದರೆ ಎಲ್ಲವನ್ನೂ ಹಿಗ್ಗಿಸುವ ಆಸೆ ಬರುತ್ತದೆ. ಇಲ್ಲಿ ನನ್ನ ತಕರಾರಿದೆ. ಯಾವ ಸವಾರಿ ಎಂದು ಮೊದಲು ಕೇಳಿಕೊಳ್ಳಬೇಕು. ಇಆರ್‌ಜಿ ಮೋಡ್‌ನಲ್ಲಿ ವರ್ಕೌಟ್ ಮಾಡುವಾಗ 220 ವ್ಯಾಟ್ಸ್ ಎಂದು ನಿಗದಿಯಾದರೆ ಟ್ರೈನರ್ ತಾನೇ ಬಿಗಿ ಸಡಿಲ ಮಾಡಿ ಅಲ್ಲೇ ಹಿಡಿದಿಡುತ್ತದೆ. ಆ ಅಂಕಿಯನ್ನು ಬೃಹತ್ತಾಗಿಸಿ ಸಾಧಿಸುವುದೇನು? ಅಲ್ಲಿ ಬೇಕಾದ್ದು ಇಂಟರ್ವಲ್ ಮುಗಿಯಲು ಉಳಿದ ಸೆಕೆಂಡುಗಳು, ಮತ್ತು ಕೇಡೆನ್ಸ್, ಅಂದರೆ ನಿಮಿಷಕ್ಕೆ ಪೆಡಲ್ ಎಷ್ಟು ಸುತ್ತು ಎಂಬ ಲೆಕ್ಕ. ರೇಸಿನಲ್ಲಿ ಕಥೆಯೇ ಬೇರೆ. ಬಲಗಡೆ ಅಕ್ಕಪಕ್ಕದ ಸವಾರರ ಪಟ್ಟಿ ಇರುತ್ತದಲ್ಲ, ಕಿಲೋಗೆ ಇಷ್ಟು ವ್ಯಾಟ್ಸ್, ಇಷ್ಟು ಸೆಕೆಂಡು ಮುಂದೆ, ಇಷ್ಟು ಹಿಂದೆ ಎಂದು, ಆಟವೆಲ್ಲ ಅಲ್ಲೇ. ಗುಂಪು ಒಡೆಯುವ ಸೂಚನೆ ಮೊದಲು ಆ ಪಟ್ಟಿಯಲ್ಲೇ ಸಿಗುವುದು. ಸ್ವಂತ ವ್ಯಾಟ್ಸ್ ಪರದೆಯ ಕಾಲುಭಾಗ ನುಂಗಿದರೆ ಪಟ್ಟಿ ಮೊಟಕಾಗಿ, ಮುಂದೆ ಜಿಗಿದವನ ಹೆಸರೇ ತಪ್ಪಿಹೋಗುತ್ತದೆ.

ದೊಡ್ಡ ವ್ಯಾಟ್ಸ್‌ನ ಇನ್ನೊಂದು ಕಾಟ ಅದರ ಕುಣಿತ. 198, 231, 207 ಎಂದು ಕ್ಷಣಕ್ಷಣಕ್ಕೂ ಹಾರುವ ಅಂಕಿ ದೊಡ್ಡದಾದಷ್ಟೂ ಕಾಲು ಅದನ್ನು ಬೆನ್ನಟ್ಟುತ್ತದೆ. ಝ್ವಿಫ್ಟ್‌ನಲ್ಲಿ ಮೂರು ಸೆಕೆಂಡಿನ ಸರಾಸರಿ ತೋರಿಸುವ ಆಯ್ಕೆಯಿದೆ. ಸ್ಥಿರವಾಗಿ ನಿಂತ ಅಂಕಿ ಸಣ್ಣದಿದ್ದರೂ ಓದಲು ಸುಲಭ. ಗಾತ್ರಕ್ಕೆ ಕೈ ಹಾಕುವ ಮುಂಚೆ ಇದನ್ನು ಮಾಡಿ ನೋಡಿ.

ಹಳೆಯ ಟಿವಿಯವರಿಗೆ ಒಂದು ಮಾತು. ಪ್ರಸಾರದ ಕಾಲದ ಓವರ್‌ಸ್ಕ್ಯಾನ್ ಅಭ್ಯಾಸ ಕೆಲವು ಟಿವಿಗಳಲ್ಲಿ ಇನ್ನೂ ಉಳಿದು, ಚಿತ್ರದ ನಾಲ್ಕೂ ಅಂಚನ್ನು ಕತ್ತರಿಸುತ್ತದೆ. ವ್ಯಾಟ್ಸ್, ನಕ್ಷೆ, ಸವಾರರ ಪಟ್ಟಿ ಕೂತಿರುವುದು ಆ ಅಂಚಿನಲ್ಲೇ. ಟಿವಿಯ ಪಿಕ್ಚರ್ ಸೈಜ್‌ನಲ್ಲಿ 'ಜಸ್ಟ್ ಸ್ಕ್ಯಾನ್' ಅಥವಾ 'ಸ್ಕ್ರೀನ್ ಫಿಟ್' ಹುಡುಕಿ ಆರಿಸಿ, ಸೈಕಲ್ ಹತ್ತುವ ಮುಂಚೆ. ಬೆವರಿದ ಕೈಯಲ್ಲಿ ರಿಮೋಟಿನ ಮೆನು ಹುಡುಕುವುದು ಯಾರಿಗೂ ಬೇಡ.